ಮೊದಲು ಬಚ್ಚಲೊಲೆ, ಆಮೇಲೆ ಸೋಲಾರ್

ಸೋಲಾರ್ ಮಾರುವ ಹುಡುಗ ಹುಡುಗಿಯರು ಈಗ ನಮ್ಮ ಬೀದಿಗೂ ಬರುತ್ತಾರೆ. ಮೊನ್ನೆ ಒಬ್ಬಳು ನನ್ನ ಜಗಲಿಯಲ್ಲಿ ಕೂತು, ಮೊಬೈಲಿನಲ್ಲಿ ಚಿತ್ರ ತೋರಿಸಿ, ಎಲ್ಲವನ್ನೂ ಚೆನ್ನಾಗಿ ವಿವರಿಸಿದಳು. ನಾನೂ ಇದೇ ಕೆಲಸ ಮಾಡಿದವಳು ಎಂದೆ. "ಆಗ ಸೋಲಾರ್ ಎಲ್ಲಿತ್ತು ಆಂಟಿ?" ಎಂದು ನಕ್ಕಳು. ಅವಳಿಗೆ ಬಸ್ಸಿನ ಹೊತ್ತಾಗಿತ್ತು, ನಾನು ಹೆಚ್ಚು ಹೇಳಲಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಓದದಿದ್ದರೂ ಅವಳಂಥವರು ಯಾರಾದರೂ ಓದಿಯಾರು.

ಎಂಬತ್ತರ ದಶಕದ ಆರಂಭ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಪುತ್ತೂರಿನಲ್ಲಿ ಕೆಲಸ ಹುಡುಕುತ್ತಿದ್ದೆ. ಪಂಪುಸೆಟ್ಟು, ಪೈಪು ಮಾರುವ ಒಂದು ಅಂಗಡಿಯವರು ಬಿಸಿಲಿನ ಒಲೆಯ ಏಜೆನ್ಸಿ ತೆಗೆದುಕೊಂಡಿದ್ದರು. ಮನೆಯೊಳಗೆ ಹೋಗಿ ಹೆಂಗಸರ ಹತ್ತಿರ ಮಾತಾಡಲು ಹೆಂಗಸೇ ಆಗಬೇಕು ಎಂದು ನನ್ನನ್ನು ಸೇರಿಸಿಕೊಂಡರು. ನಮ್ಮ ಮನೆಮಾತು ಅರೆಭಾಷೆ. ತುಳು ಸಲೀಸು. ಸುಳ್ಯ ಪೇಟೆಯಲ್ಲಿ ಬೆಳೆದದ್ದರಿಂದ ಬ್ಯಾರಿ, ಮಲಯಾಳವೂ ಬರುತ್ತಿತ್ತು. ಕೆಲಸ ಸಿಕ್ಕಿದ್ದು ಇದಕ್ಕಾಗಿ. ಟೈಪಿಂಗ್ ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ.

ಬಿಸಿಲಿನ ಒಲೆ ಎಂದರೆ ಒಳಗೆ ಕಪ್ಪು ಬಳಿದ ಒಂದು ಪೆಟ್ಟಿಗೆ. ಮೇಲೆ ಗಾಜು, ಮುಚ್ಚಳದ ಒಳಮೈಗೆ ಕನ್ನಡಿ. ಅಂಗಳದಲ್ಲಿ ಇಟ್ಟರೆ ಮಧ್ಯಾಹ್ನಕ್ಕೆ ಅನ್ನ, ಬೇಳೆ ಬೇಯುತ್ತದೆ. ಅದನ್ನು ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರು ಲಗೇಜು ಟಿಕೇಟು ಹರಿಯುತ್ತಿದ್ದ, ಹತ್ತಿರ ಕೂತವರು ಅದರ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಸಂಪಾಜೆಯಲ್ಲಿ ಮಹಿಳಾ ಸಮಾಜದವರ ಮುಂದೆ ಮೊದಲ ಪ್ರಾತ್ಯಕ್ಷಿಕೆ. ಘಾಟಿಯ ಬುಡದ ಊರು, ಅಲ್ಲಿ ಮಂಜು ಹನ್ನೊಂದಕ್ಕೂ ಎದ್ದಿರಲಿಲ್ಲ. ಅಕ್ಕಿ ನೀರಿನಲ್ಲಿ ನೆನೆದು ಕೂತಿತ್ತು. ಊಟದ ಹೊತ್ತಿಗೆ ಮುಚ್ಚಳ ತೆಗೆದಾಗ ಒಬ್ಬ ಮುದುಕಿ ಬೆರಳಿನಲ್ಲಿ ಒಂದು ಅಗುಳು ಹಿಸುಕಿ ನೋಡಿ, "ಕೋಳಿಗೆ ಹಾಕಬಹುದು ಮಗಾ" ಎಂದರು. ಎಲ್ಲರೂ ನಕ್ಕರು. ಆಮೇಲೆ ಅವರೇ ನನಗೆ ಊಟ ಹಾಕಿದರು. ಜಾಗದ ಬಿಸಿಲು ನೋಡದೆ ಪೆಟ್ಟಿಗೆ ಬಿಚ್ಚಬಾರದು ಎಂಬುದನ್ನು ಅಲ್ಲಿ ಕಲಿತೆ.

ನಮ್ಮ ಮೇಲೆ ಸದಾನಂದ ಎಂಬ ಮ್ಯಾನೇಜರ್ ಇದ್ದರು. ಮಂಗಳೂರಿನಿಂದ ಬಂದವರು, ಮಾತಿನಲ್ಲಿ ಜಾಣರು. ಮನೆಗೆ ಹೋದರೆ ಎಲ್ಲಿ ಕೂರಬೇಕು, ಯಾರು ಕೇಳಿದಾಗ ಬೆಲೆ ಹೇಳಬೇಕು, ಯಾವಾಗ ಎದ್ದುಬಿಡಬೇಕು ಎಂಬುದನ್ನೆಲ್ಲ ಅವರೇ ನನಗೆ ಕಲಿಸಿದ್ದು. ಒಂದು ವಿಷಯದಲ್ಲಿ ಮಾತ್ರ ನಮಗೆ ಆಗಿಬರಲಿಲ್ಲ. ಎಲ್ಲ ಮನೆಯಲ್ಲೂ ಮೊದಲ ಪ್ರಶ್ನೆ ಒಂದೇ ಆಗಿರುತ್ತಿತ್ತು: "ಮಳೆಗಾಲಕ್ಕೆ ಎಂತ ಮಾಡುದು?" ನಮ್ಮ ಕಡೆ ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. ಸದಾನಂದರ ಉಪದೇಶ, "ಆ ಪ್ರಶ್ನೆಗೆ ಉತ್ತರ ಕೊಡಬೇಡಿ. ಸೌದೆ ಎಷ್ಟು ಬೇಕಾಗ್ತದೆ ಅಂತ ತಿರುಗಿ ಕೇಳಿ." ನಾನು ಕೇಳುತ್ತಿರಲಿಲ್ಲ. ಮಳೆಗಾಲಕ್ಕೆ ನಿಮ್ಮ ಒಲೆಯೇ ಗತಿ, ಉಳಿದ ತಿಂಗಳುಗಳಿಗೆ ಇದು ಎಂದೇ ಹೇಳುತ್ತಿದ್ದೆ. ಅದೇ ಮನೆಯವರನ್ನು ನಾಳೆ ಬಸ್ಸಿನಲ್ಲಿ ನೋಡಬೇಕಾದವಳು ನಾನು, ಮಂಗಳೂರಿನಿಂದ ಬಂದ ಸದಾನಂದರಲ್ಲ. ಸುಳ್ಯದಲ್ಲಿ ಬೀಫಾತಿಮ ಎಂಬ ಹೆಂಗಸು, ಗಂಡ ಕೊಲ್ಲಿ ದೇಶದಲ್ಲಿ ದುಡಿಯುವವನು, ನನ್ನ ಮಾತು ಪೂರ್ತಿ ಕೇಳಿ, "ಸುಳ್ಳು ಹೇಳದೆ ಮಾರುವವಳು ನೀನೊಬ್ಬಳು. ಒಂದು ಇಟ್ಟು ಹೋಗು, ಅನ್ನ ಬೇಯದಿದ್ದರೆ ಹಪ್ಪಳ ಒಣಗಿಸ್ತೇನೆ" ಎಂದು ತೆಗೆದುಕೊಂಡರು. ಅಂಥವರು ಕಡಿಮೆ.

ಸ್ವಲ್ಪ ಕಾಲದ ನಂತರ ಒಲೆಯ ಜೊತೆಗೆ ನೀರು ಕಾಯಿಸುವ ಸೋಲಾರ್ ಬಂತು. ಮಾಡಿನ ಮೇಲೆ ಗಾಜಿನ ಹಲಗೆ, ಅದರಡಿ ತಾಮ್ರದ ಕೊಳವೆ, ಮೇಲೊಂದು ಟ್ಯಾಂಕಿ. ಹಂಚಿನ ಮನೆಗೆ ಅದನ್ನು ಕೂರಿಸುವುದು ಕಷ್ಟ. ಆದ್ದರಿಂದ ಹೊಸದಾಗಿ ಟೆರೇಸು ಮನೆ ಕಟ್ಟಿಸಿದ ಮಾಸ್ಟ್ರು, ಬ್ಯಾಂಕಿನವರು, ಕಂಟ್ರಾಕ್ಟರು, ಕೊಲ್ಲಿಯಿಂದ ಹಣ ಬರುವವರು, ಇವರೇ ನಮ್ಮ ಗಿರಾಕಿಗಳು. ಹಾಗೆ ನಾನು ಕಡಬಕ್ಕೆ ಹೋದೆ. ಆಗ ಕಡಬ ಪುತ್ತೂರು ತಾಲೂಕಿಗೇ ಸೇರಿತ್ತು. ಪೇಟೆ ಎಂದರೆ ಒಂದು ಸಾಲು ಅಂಗಡಿ, ಜೀಪು ನಿಲ್ಲುವ ಜಾಗ, ರಬ್ಬರ್ ಶೀಟಿನ ವಾಸನೆ.

ಜನಾರ್ದನ ಮಾಸ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಪೇಟೆಯಿಂದ ತುಸು ದೂರದಲ್ಲಿ ಟೆರೇಸು ಮನೆ ಕಟ್ಟಿಸಿದ್ದರು. ಹೆಂಡತಿ ಲಲಿತಾ, ಹೈಸ್ಕೂಲಿಗೆ ಹೋಗುವ ಮಗಳು ಶೋಭಾ, ಮಾಸ್ಟ್ರ ತಾಯಿ, ಇಷ್ಟೇ ಜನ. ಮಾಸ್ಟ್ರು ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿ, ಕಾಫಿ ಕೊಡಿಸಿ, ಕಾಗದದಲ್ಲಿ ಲೆಕ್ಕ ಹಾಕಿ, ಇದು ಬೇಡ ಎಂದರು.

"ನೀವು ಹೇಳುದು ಸರಿ. ಆದ್ರೆ ನಮ್ಮಲ್ಲಿ ಬೆಳಗ್ಗೆ ಐದಕ್ಕೆ ಸ್ನಾನ. ಬಿಸಿಲು ಬರುದು ಆಮೇಲೆ. ರಬ್ಬರಿನ ಕೊಂಬೆ, ತೆಂಗಿನ ಮಡಲು ಹಿತ್ತಿಲಲ್ಲೇ ಉಂಟು. ಸುಮ್ಮನೆ ಸಿಕ್ಕುವ ಬೆಂಕಿ ಬಿಟ್ಟು ಗಾಜು ಯಾಕೆ?"

ಹಿಂದಿನ ದಿನದ ನೀರು ಟ್ಯಾಂಕಿಯಲ್ಲಿ ಬೆಳಗ್ಗಿನವರೆಗೆ ಬೆಚ್ಚಗೆ ಇರುತ್ತದೆ ಎಂದೆ. ಬೆಚ್ಚಗೆ ಸಾಲದು, ಅಮ್ಮನಿಗೆ ಕುದಿಯುವ ನೀರೇ ಆಗಬೇಕು ಎಂದರು.

ಲಲಿತಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ನಾನು ಹೊರಡುವಾಗ ಹಿತ್ತಿಲ ದಾರಿಯಲ್ಲಿ ಕರೆದುಕೊಂಡು ಹೋಗಿ ಬಚ್ಚಲು ತೋರಿಸಿದರು. ಮನೆ ಹೊಸದು, ಬಚ್ಚಲು ಮಾತ್ರ ಹಳೆಯ ಪದ್ಧತಿಯದು. ಸಣ್ಣ ಕೋಣೆ, ಮೂಲೆಯಲ್ಲಿ ಮಣ್ಣಿನ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ಒಲೆಯ ಬಾಯಿ ಒಳಗೇ. ಉರಿ ಹಾಕುವವರು ಬಾಯಿಯ ಎದುರು ಕುಕ್ಕುರುಗಾಲಿನಲ್ಲಿ ಕೂರಬೇಕು, ಬೆನ್ನಿಗೆ ಗೋಡೆ. ಗೋಡೆ, ಮಾಡು ಎಲ್ಲ ಕಪ್ಪು.

"ಹೊಗೆ ಅಕ್ಕ. ಮಡಲು ಹಸಿ ಇದ್ದರೆ ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ. ಅವರಿಗೆ ನೀವೇ ಇನ್ನೊಂದು ಸಲ ಹೇಳಿ. ನಾನು ಹೇಳಿದ್ರೆ ಲೆಕ್ಕ ಮಾಡಿ ತೋರಿಸ್ತಾರೆ."

ಹೇಳುವಾಗ ನಗುತ್ತಲೇ ಇದ್ದರು. ಕೊಲ್ಲಿಯಲ್ಲಿದ್ದ ತಮ್ಮ ಕಳಿಸಿದ ನೈಲಾನ್ ಸೀರೆ ಉಟ್ಟಿದ್ದರು. ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲರಿಗೂ ಅದರ ಹುಚ್ಚು. ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ. ನಾನೂ ಅಂಥದ್ದನ್ನೇ ಉಟ್ಟಿದ್ದೆ. ನಾವಿಬ್ಬರೂ ಆ ಒಲೆಯ ಮುಂದೆ ನಿಂತು ಹೊಗೆಯ ಮಾತಾಡಿದೆವು. ಬೆಂಕಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆ ಮನೆಗೆ ಮತ್ತೆ ಹೋದೆ. ಮಾಸ್ಟ್ರು ಮತ್ತೆ ಕಾಫಿ ಕೊಡಿಸಿ, ಬರುವ ವರ್ಷ ನೋಡೋಣ ಎಂದರು.

ಆ ಬರುವ ವರ್ಷದ ಚಳಿಗಾಲದಲ್ಲಿ ಕಡಬದ ಬಸ್ಸಿನಲ್ಲಿ ಕಂಡಕ್ಟರು ನನ್ನ ಚೀಲ ನೋಡಿ, "ಮಾಸ್ಟ್ರ ಮನೆಗೆ ಹೋಗುದಾ? ಇವತ್ತು ಹೋಗಬೇಡಿ" ಎಂದ. ಯಾಕೆ ಎಂದು ಕೇಳಿದೆ. ಬೆಳಗ್ಗಿನ ನೀರಿಗೆ ಉರಿ ಹಾಕುವಾಗ ಲಲಿತಕ್ಕನ ಸೆರಗಿಗೆ ಬೆಂಕಿ ಹಿಡಿಯಿತು, ನೈಲಾನ್ ಮೈಗೆ ಅಂಟಿಕೊಂಡಿತು, ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡರು ಎಂದ. ನಾನು ಕಡಬದಲ್ಲಿ ಇಳಿದು ತಿರುಗಿ ಬರುವ ಬಸ್ಸಿಗೆ ಕಾದು ನಿಂತೆ. ಅಂದು ಯಾವ ಮನೆಗೂ ಹೋಗಲಿಲ್ಲ.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ನೋಡಿ ಬರಲು ಹೋದೆ. ಚೀಲ ಒಯ್ಯಲಿಲ್ಲ. ಮಾಸ್ಟ್ರು ಜಗಲಿಯಲ್ಲಿ ಕೂತಿದ್ದರು, ಗಡ್ಡ ಬೆಳೆದಿತ್ತು. ಶೋಭಾಳ ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಅಮ್ಮನ ಕೂಗು ಕೇಳಿ ಓಡಿ ಹೋಗಿ ಬೆಂಕಿಯನ್ನು ಬರಿಗೈಯಲ್ಲಿ ತಟ್ಟಿ ಆರಿಸಲು ನೋಡಿದವಳು ಅವಳು. ಅಜ್ಜಿ ಅವಳಿಗೆ ಗಂಜಿ ಉಣ್ಣಿಸುತ್ತಿದ್ದರು. ಬಾಯಿ ತೆರೆಯುತ್ತಿದ್ದಳು, ನುಂಗುತ್ತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ.

ನಾನು ಹೊರಡಲು ಏಳುವಾಗ ಮಾಸ್ಟ್ರು, "ಅದನ್ನು ಹಾಕಿಸಿಬಿಡಿ" ಎಂದರು.

"ಮಾಸ್ಟ್ರೇ, ನಾನು ಅದಕ್ಕೆ ಬಂದದ್ದಲ್ಲ."

"ಗೊತ್ತುಂಟು. ಹಾಕಿಸಿಬಿಡಿ."

ಹಾಕಿಸಿದೆವು. ಆಮೇಲೆ ನಡೆದದ್ದನ್ನು ಈ ಕೆಲಸಕ್ಕೆ ಬರುವವರು ತಿಳಿದಿರಬೇಕು. ಆ ಬೇಸಿಗೆಯಲ್ಲಿ ಕಡಬದಿಂದ, ಸುಬ್ರಹ್ಮಣ್ಯದ ದಾರಿಯ ಊರುಗಳಿಂದ ಜನ ತಾವಾಗಿಯೇ ಅಂಗಡಿಗೆ ಬಂದರು. ಹಿಂದೆ ನನ್ನನ್ನು ಗೇಟಿನಿಂದ ಕಳಿಸಿದವರೂ ಬಂದರು. ನಾನು ಅದುವರೆಗೆ ಅಷ್ಟು ಮಾರಿದ್ದಿಲ್ಲ. ಯಾಕೆ ಬಂದಿದ್ದಾರೆ ಎಂದು ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಸಂತೋಷ. ನನಗೆ ಊಟ ಸೇರುತ್ತಿರಲಿಲ್ಲ.

ಸದಾನಂದರು ಕರೆದು ಹೇಳಿದರು. "ಯಮುನಾ, ನೀವು ಆ ಮನೆಗೆ ಹೋಗಿದ್ದಿರಿ, ಆ ಹೆಂಗಸನ್ನು ಕಂಡಿದ್ದಿರಿ. ಮನೆಮನೆಯಲ್ಲಿ ಅದನ್ನೇ ಹೇಳಿ. ಬೇರೆ ಎಂತದೂ ಬೇಡ."

"ಅದು ನನ್ನಿಂದ ಆಗುದಿಲ್ಲ ಸರ್."

"ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ. ನಡೆದದ್ದನ್ನೇ ಹೇಳಿ. ಇನ್ನೊಂದು ಮನೆಯಲ್ಲಿ ಒಂದು ಜೀವ ಉಳಿದ್ರೆ ಒಳ್ಳೆದಲ್ವಾ?"

ಅವರ ಮಾತು ತಪ್ಪು ಎಂದು ಈಗಲೂ ಹೇಳಲಾರೆ. ಆದರೆ ಆ ಹೆಂಗಸಿನ ನಗು ಕಣ್ಣ ಮುಂದೆ ಇರುವಾಗ ಅವಳ ಸಾವನ್ನು ಚೀಲದಲ್ಲಿ ಹಾಕಿಕೊಂಡು ತಿರುಗಲು ಮನಸ್ಸು ಒಪ್ಪಲಿಲ್ಲ. ಸದಾನಂದರು ಮುಖ ಗಂಟು ಹಾಕಿಕೊಂಡರು. ಅಂದಿನಿಂದ ತಾವೇ ಹೇಳಲು ಶುರುಮಾಡಿದರು.

ಮಳೆ ಹಿಡಿಯಿತು. ಜೂನ್ ಕೊನೆಗೆ ಮಾಸ್ಟ್ರಿಂದ ನೀರು ಬಿಸಿ ಆಗುತ್ತಿಲ್ಲ ಎಂದು ಅಂಗಡಿಗೆ ಫೋನು ಬಂತು. ಆಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ, ಅವರಿಗೂ ಗೊತ್ತು. ಆದರೂ ಹೋದೆ. ಟ್ಯಾಂಕಿಯಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲು ಕೂರಿಸಬಹುದಿತ್ತು, ಆದರೆ ಮಳೆಗಾಲದ ಕಡಬದಲ್ಲಿ ಕರೆಂಟು ಇದ್ದರೆ ಇತ್ತು. ಮಾಸ್ಟ್ರು ಬೆಳಗ್ಗೆ ತಾವೇ ಒಲೆ ಹೊತ್ತಿಸುತ್ತಿದ್ದರು. ಅಜ್ಜಿಗೂ ಅವರಿಗೂ ನೀರಾಗುತ್ತಿತ್ತು. ಶೋಭಾ ಮಾತ್ರ ಬೆಂಕಿ ಇರುವಾಗ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಮಳೆಗೆ ನಿಂತು ತಣ್ಣೀರು ಹೊಯ್ದುಕೊಳ್ಳುತ್ತಿದ್ದಳು. ಜ್ವರ ಬಂದು ಮಲಗಿದ್ದಳು. ಕೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

"ಬಿಸಿನೀರು ಬೇಡವಾ?" ಎಂದು ಕೇಳಿದೆ.

"ಬಿಸಿನೀರು ಬೇಕು ಅಕ್ಕ. ಬೆಂಕಿ ನೋಡ್ಲಿಕ್ಕೆ ಆಗುದಿಲ್ಲ."

ಎದ್ದು ಹೋಗಿ ಆ ಬಚ್ಚಲನ್ನು ಮತ್ತೆ ನೋಡಿದೆ. ಹಂಡೆಯ ಹಿಂದೆ ಹೊರಗೋಡೆ. ಅದರಾಚೆ ಹಿತ್ತಿಲು. ಸುಳ್ಯದಲ್ಲಿ ಬೀಫಾತಿಮನ ಮನೆಯ ಒಲೆಯ ಬಾಯಿ ಹೊರಗಿತ್ತು. ಉರಿ ಹಾಕುವವರು ಹಿತ್ತಿಲಲ್ಲಿ ನಿಂತು ಕೊಂಬೆ ದೂಡುತ್ತಿದ್ದರು, ಒಳಗೆ ನೀರು ಮಾತ್ರ. ಅದನ್ನು ಎಷ್ಟೋ ಸಲ ಕಂಡಿದ್ದೆ.

"ಮಾಸ್ಟ್ರೇ, ಒಲೆಯ ಬಾಯಿಯನ್ನು ಹೊರಗೆ ತಿರುಗಿಸುವ" ಎಂದೆ.

ಅವರು ಬಂದು ನನ್ನ ಪಕ್ಕ ನಿಂತು ಆ ಗೋಡೆಯನ್ನು ತುಂಬ ಹೊತ್ತು ನೋಡಿದರು. ಕೊಡೆ ಹಿಡಿದು ಹೊರಟು ಮೇಸ್ತ್ರಿಯನ್ನು ಕರೆದುಕೊಂಡೇ ಬಂದರು. ಗೋಡೆ ಒಡೆದು, ಬಾಯಿ ಹೊರಗಿಟ್ಟು, ಒಳಗಿನದನ್ನು ಕಲ್ಲಿನಿಂದ ಮುಚ್ಚಿ, ಸಣ್ಣದೊಂದು ಮಾಡು ಇಳಿಸಿದರು. ದೊಡ್ಡ ಕೆಲಸವೇನಲ್ಲ. ಸೋಲಾರಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಬಾಯಿ ಮುಚ್ಚಿದ ಕೋಣೆಗೆ ಶೋಭಾ ಹೋದಳು. ಮೊದಲ ದಿನ ಅಜ್ಜಿ ಬಾಗಿಲ ಹತ್ತಿರ ಕೂತಿರಬೇಕಾಯಿತಂತೆ.

ಮಳೆ ಮುಗಿದ ಮೇಲೆ ಸದಾನಂದರು ಪುತ್ತೂರಿನಲ್ಲಿ ಒಂದು ಹಾಲ್ ಹಿಡಿದು ಮನೆ ಮಾಲಿಕರ ಸಭೆ ಮಾಡಿದರು. ಕಾಫಿ, ಬಿಸ್ಕುಟು. ವಕೀಲರು, ಬ್ಯಾಂಕಿನವರು ಹೆಂಡತಿಯರ ಜೊತೆ ಬಂದಿದ್ದರು. ವೇದಿಕೆಯಲ್ಲಿ ಜನಾರ್ದನ ಮಾಸ್ಟ್ರು ಕೂತದ್ದನ್ನು ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸದಾನಂದರು ನನಗೆ ಹೇಳದೆ ಕಡಬಕ್ಕೆ ಹೋಗಿ ಅವರನ್ನು ಒಪ್ಪಿಸಿ ಕರೆತಂದಿದ್ದರು. ಮೊದಲು ತಾವೇ ಮಾತಾಡಿ, ಲಲಿತಾರ ಹೆಸರು ಹೇಳಿ, ದನಿ ತಗ್ಗಿಸಿ, ಸಮಯಕ್ಕೆ ಸರಿಯಾಗಿ ಸೋಲಾರ್ ಇದ್ದಿದ್ದರೆ ಇವತ್ತು ಆ ತಾಯಿ ನಮ್ಮ ನಡುವೆ ಇರುತ್ತಿದ್ದರು ಎಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮಾಸ್ಟ್ರು ಎದ್ದರು. ತರಗತಿಯಲ್ಲಿ ಪಾಠ ಹೇಳುವ ಹಾಗೆ, ನಿಧಾನವಾಗಿ.

"ಮ್ಯಾನೇಜರು ಹೇಳಿದ್ದರಲ್ಲಿ ಒಂದು ತಪ್ಪುಂಟು. ನನ್ನ ಹೆಂಡತಿ ಸೋಲಾರ್ ಇಲ್ಲದ್ದಕ್ಕೆ ಸತ್ತದ್ದಲ್ಲ. ಈ ಸೋಲಾರ್ ಬಿಸಿಲಿದ್ರೆ ನೀರು ಕಾಯಿಸ್ತದೆ, ಒಳ್ಳೆದೇ ಉಂಟು. ಮಳೆಗಾಲದಲ್ಲಿ ಕಾಯಿಸುದಿಲ್ಲ. ಆಗ ಒಲೆ ಹೊತ್ತಿಸ್ಲೇ ಬೇಕು. ಮನೆಯ ನಕ್ಷೆ ಮಾಡಿದ್ದು ನಾನು. ದೇವರ ಕೋಣೆ ಎಲ್ಲಿ, ನನ್ನ ಪುಸ್ತಕದ ಕಪಾಟು ಎಲ್ಲಿ, ಎಲ್ಲ ಯೋಚನೆ ಮಾಡಿದ್ದೆ. ಬಚ್ಚಲೊಲೆಯ ಬಾಯಿ ಎಲ್ಲಿ ಅಂತ ಯೋಚನೆ ಮಾಡ್ಲಿಲ್ಲ. ಅಲ್ಲಿ ಕೂರುವವ ನಾನಲ್ಲ ಅಲ್ವಾ. ನೀವು ಸೋಲಾರ್ ತೆಗೊಳ್ಳಿ, ಬಿಡಿ. ಇವತ್ತು ಮನೆಗೆ ಹೋಗಿ ಆ ಬಾಯಿ ಯಾವ ಕಡೆ ಉಂಟು ನೋಡಿ. ಒಳಗೆ ಇದ್ರೆ ನಾಳೆಯೇ ಒಡೆಸಿ."

ಅವರು ಕೂತರು. ಕೆಲವು ಗಂಡಸರು ನೆಲ ನೋಡುತ್ತಿದ್ದರು, ಹೆಂಗಸರು ತಮ್ಮ ಗಂಡಂದಿರ ಮುಖ ನೋಡುತ್ತಿದ್ದರು. ಅಂದು ಒಂದೂ ಆರ್ಡರು ಬರಲಿಲ್ಲ. ಒಲೆ ತಿರುಗಿಸುವ ಉಪಾಯ ನನ್ನದೆಂದು ತಿಳಿದ ಸದಾನಂದರು ನನ್ನ ಮೇಲೆ ಹರಿಹಾಯ್ದರು. "ನೀವು ಸೋಲಾರ್ ಮಾರುದಾ, ಒಲೆ ಕಟ್ಟುದಾ?" ಎಂದು ಕೇಳಿದರು.

"ಮೊದಲು ಒಲೆ, ಆಮೇಲೆ ಸೋಲಾರ್" ಎಂದೆ. ತಮಾಷೆಗೆ ಹೇಳಿದ್ದಲ್ಲ. ಆ ಕೆಲಸದಲ್ಲಿ ಇರುವವರೆಗೂ ಯಾವ ಮನೆಗೆ ಹೋದರೂ ಜಗಲಿಯಲ್ಲಿ ಕೂರುವ ಮುಂಚೆ ಬಚ್ಚಲು ತೋರಿಸಿ ಎಂದೆ. ಕೆಲವರು ತೋರಿಸಿದರು. ತೋರಿಸಿದವರಲ್ಲಿ ಕೆಲವರು ಒಲೆಯ ಬಾಯಿಯನ್ನು ಹೊರಗೆ ತಿರುಗಿಸಿದರು. ಎಲ್ಲರೂ ಅಲ್ಲ. ಕೊಲ್ಲಿಯ ಸೀರೆಗಳು ಬರುತ್ತಲೇ ಇದ್ದವು, ಸುದ್ದಿಗಳೂ ಬರುತ್ತಲೇ ಇದ್ದವು. ಒಂದು ಸಲ ವಿಟ್ಲದ ಕಡೆಯಿಂದ, ಇನ್ನೊಂದು ಸಲ ಸುಳ್ಯದಿಂದಲೇ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಶೋಭಾಳಿಗೆ ಸಂಬಂಧ ನೋಡಲು ಶುರುಮಾಡಿದರು. ಕೈ ನೋಡಿ ಹಿಂದೆ ಸರಿದವರೇ ಹೆಚ್ಚು. ಕೊನೆಗೆ ಬೆಳ್ಳಾರೆಯ ಹತ್ತಿರದ ಒಂದು ಮನೆಯವರು ಒಪ್ಪಿದರು. ಹುಡುಗ ಸೊಸೈಟಿಯಲ್ಲಿ ಕೆಲಸದಲ್ಲಿದ್ದವನು. ಟ್ಯಾಂಕಿ ರಿಪೇರಿಗೆ ಹೋದ ನನ್ನನ್ನು ಶೋಭಾ ಒಳಗೆ ಕರೆದಳು.

"ಅಪ್ಪ ಅವರ ಮನೆಗೆ ಹೋಗ್ತಾರೆ. ನೀವೂ ಹೋಗ್ತೀರಾ ಅಕ್ಕ? ಅಪ್ಪ ಬಚ್ಚಲು ನೋಡಬೇಕು ಅಂತ ಕೇಳ್ಲಿಕ್ಕಿಲ್ಲ, ನಾಚಿಕೆ ಅವರಿಗೆ. ನೀವು ಕೇಳ್ತೀರಿ."

ಹೋದೆ. ಕೇಳಿದೆ. ಹುಡುಗನ ತಾಯಿ ತೋರಿಸಿದರು. ಬಾಯಿ ಒಳಗೇ ಇತ್ತು, ಲಲಿತಾರ ಬಚ್ಚಲಿಗಿಂತ ಇಕ್ಕಟ್ಟು. ಮದುವೆಗೆ ಮುಂಚೆ ಇದನ್ನು ಹೊರಗೆ ತಿರುಗಿಸಲು ಆಗುತ್ತದಾ ಎಂದು ಕೇಳಿದೆ. ಖರ್ಚು ತಾನೇ ಕೊಡುತ್ತೇನೆ ಎಂದು ಮಾಸ್ಟ್ರು ಹಿಂದಿನಿಂದ ಹೇಳಿದರು. ಹುಡುಗನ ತಂದೆಗೆ ಅದು ಅವಮಾನವಾಗಿ ಕಂಡಿತು.

"ನನ್ನ ತಾಯಿ, ನನ್ನ ಹೆಂಡತಿ ಇಬ್ಬರೂ ಇಲ್ಲೇ ಉರಿ ಹಾಕಿದ್ದು. ಬರುವ ಹುಡುಗಿಗೆ ಎಂತ ಬೇರೆ?" ಎಂದರು.

ಕಡಬಕ್ಕೆ ಬಂದು ಶೋಭಾಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

"ಹಾಗಾದ್ರೆ ಬೇಡ ಅಂತ ಹೇಳಿ ಅಪ್ಪ" ಎಂದಳು.

ಸಂಬಂಧ ಅಲ್ಲಿಗೆ ನಿಂತಿತು. ಒಂದು ಒಲೆಗೋಸ್ಕರ ಮದುವೆ ಬಿಟ್ಟರು ಎಂದು ಊರವರು ಆಡಿಕೊಂಡರು. ಶೋಭಾ ಟೀಚರ್ ಟ್ರೈನಿಂಗಿಗೆ ಸೇರಿದಳು.

ಆ ಬೆಳ್ಳಾರೆಯವರು ಮುಂದಿನ ಬೇಸಿಗೆಯಲ್ಲಿ ಬೇರೆ ಹುಡುಗಿಯನ್ನು ತಂದುಕೊಂಡರು ಎಂದು ಕೇಳಿದೆ. ಅವಳು ಯಾರ ಮಗಳೋ ನನಗೆ ಗೊತ್ತಿರಲಿಲ್ಲ. ಆ ಊರಿನಲ್ಲಿ ಬೇರೆ ಕೆಲಸವೂ ಇರಲಿಲ್ಲ. ಆದರೂ ಒಂದು ಬೆಳಗ್ಗೆ ಬಸ್ಸು ಹತ್ತಿ ಹೋಗಿ ಆ ಗೇಟಿನ ಮುಂದೆ ನಿಂತೆ. ಹುಡುಗಿಯೇ ಬಂದಳು. ಕಣ್ಣು ಕೆಂಪಗಿತ್ತು, ಹಣೆಗೆ ಬೂದಿ ಹತ್ತಿತ್ತು.

"ಯಾರು ಅದು?" ಎಂದು ಒಳಗಿನಿಂದ ಅತ್ತೆ ಕೇಳಿದರು.

ಹುಡುಗಿ ನನ್ನ ಚೀಲ ನೋಡಿ, "ಸೋಲಾರಿನವರು" ಎಂದಳು.

"ಬೇಡ ಅಂತ ಹೇಳು."

ಅವಳು ನನ್ನ ಮುಖ ನೋಡಿದಳು. ಬೇಡ ಎನ್ನಲಿಲ್ಲ. ಗೇಟಿನ ಚಿಲಕವನ್ನೂ ಹಾಕಲಿಲ್ಲ. ನಾನು ಚಪ್ಪಲಿ ಕಳಚಿಟ್ಟು ಒಳಗೆ ಹೋದೆ.